ಕೆ1000, ಒಎಂ-1, ಎಫ್‌ಎಂ2: ದಿನಬಳಕೆಗೆ ಯಾವ ಫಿಲ್ಮ್ ಕ್ಯಾಮೆರಾ ಒಳ್ಳೆಯದು?

ಮೂರರಲ್ಲೂ ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದು ಸತ್ತರೂ ಫಿಲ್ಮಿಗೆ ಬೆಳಕು ಬಿಡುವ ಶಟರ್ ಎಲ್ಲ ವೇಗಗಳಲ್ಲೂ ಓಡುತ್ತದೆ. ನನ್ನ ಆಯ್ಕೆ ನಿಕಾನ್ ಎಫ್‌ಎಂ2. ಅದರ ಲೋಹದ ಶಟರ್ 1/4000 ಸೆಕೆಂಡ್‌ವರೆಗೆ ಹೋಗುವುದರಿಂದ ಬಿಸಿಲಲ್ಲೂ ಲೆನ್ಸಿನ ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದು ಚಿತ್ರ ತೆಗೆಯಬಹುದು. ಉಳಿದೆರಡು 1/1000ಕ್ಕೇ ನಿಲ್ಲುತ್ತವೆ.

ಒಲಿಂಪಸ್ ಒಎಂ-1 ಚಿಕ್ಕದು, ಹಗುರ, ವ್ಯೂಫೈಂಡರ್ ಅಂತೂ ವಿಶಾಲ. ತಲೆನೋವು ಬ್ಯಾಟರಿಯದು. ಮೀಟರ್ ಈಗ ಸಿಗದ 1.35 ವೋಲ್ಟ್ ಪಾದರಸದ ಸೆಲ್ಲಿಗೆ ಹೊಂದಿಸಿದ್ದು, 1.5 ವೋಲ್ಟಿನದನ್ನು ಹಾಕಿದರೆ ತಪ್ಪು ತೋರಿಸುತ್ತದೆ. ಶ್ರವಣಯಂತ್ರದ 675 ಸೆಲ್ಲನ್ನು ಅಡಾಪ್ಟರ್ ರಿಂಗಿನೊಂದಿಗೆ ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ಅದು ಬೇಗ ಖಾಲಿ. ಇನ್ನೊಂದು, ವ್ಯೂಫೈಂಡರಿಗೆ ಬಿಂಬ ತರುವ ಗಾಜಿನ ಪ್ರಿಸಂ ಸುತ್ತಲಿನ ಫೋಮ್ ಕರಗಿ ಅದರ ಬೆಳ್ಳಿ ಲೇಪವನ್ನು ತಿನ್ನುತ್ತದೆ. ವ್ಯೂಫೈಂಡರಿನಲ್ಲಿ ಕಪ್ಪು ಕಲೆ ಕಂಡರೆ ಕೊಳ್ಳಬೇಡಿ.

ಪೆಂಟಾಕ್ಸ್ ಕೆ1000 ಕಲಿಯಲು ಸಾಕು. ಸೆಲ್ಫ್ ಟೈಮರ್ ಇಲ್ಲ, ಮೀಟರಿಗೆ ಸ್ವಿಚ್ಚೂ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕದೆ ಇಟ್ಟರೆ ಸೆಲ್ ಬರಿದಾಗುತ್ತದೆ.

ಯಾವುದೇ ಆಗಲಿ, ಕೊಳ್ಳುವ ಮುಂಚೆ ಫಿಲ್ಮ್ ಇಲ್ಲದೆ ಹಿಂಬಾಗಿಲು ತೆರೆದು ನೋಡಿ. 1 ಸೆಕೆಂಡಿಗೆ ಇಟ್ಟು ಒತ್ತಿದಾಗ ಶಟರ್ ತಡವರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ಆಮೇಲೆ 1/1000ರಲ್ಲಿ ಬಿಳಿ ಗೋಡೆಯತ್ತ ಹಿಡಿದು ಹಿಂದಿನಿಂದ ನೋಡುತ್ತಾ ಒತ್ತಿ: ಚೌಕಟ್ಟಿನ ಒಂದು ಬದಿ ಕತ್ತಲಾದರೆ ಶಟರಿನ ಎರಡು ಪರದೆಗಳ ವೇಗ ಹೊಂದುತ್ತಿಲ್ಲ, ಸರ್ವಿಸ್ ಬೇಕು. ಬಾಗಿಲಿನ ಅಂಚಿನ ಫೋಮ್ ಜಿಗುಟಾಗಿದ್ದರೆ ಹೆದರಬೇಡಿ, ಅದನ್ನು ಕೆರೆದು ಹೊಸದು ಅಂಟಿಸಬಹುದು. ಶಟರನ್ನು ಮಾತ್ರ ಬೆರಳಿಂದ ಮುಟ್ಟಲೇಬೇಡಿ.