ಮುಖದ ಬಣ್ಣ ಮಣ್ಣಾಗದಿರಲು

ಪ್ರಶ್ನೆ: ತೈಲವರ್ಣದಲ್ಲಿ ಅಜ್ಜಿಯ ಭಾವಚಿತ್ರ ಬರೆಯುತ್ತಿದ್ದೇನೆ. ತಿದ್ದಿದಷ್ಟೂ ಮುಖ ಮಣ್ಣುಬಣ್ಣಕ್ಕೆ ತಿರುಗುತ್ತಿದೆ. ಏನು ಮಾಡಲಿ?

ಉತ್ತರ: ಹಸಿ ಬಣ್ಣದ ಮೇಲೆ ಕುಂಚವನ್ನು ಮತ್ತೆ ಮತ್ತೆ ಆಡಿಸುವುದರಿಂದಲೇ ಬಹುಮಟ್ಟಿಗೆ ಹೀಗಾಗುತ್ತದೆ. ಬಣ್ಣಗಳೂ ಕೆಲವೇ ಸಾಕು: ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನೊಂದಿಗೆ ಬಿಳಿ, ಹಳದಿ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಕೆಂಪು, ಕಪ್ಪು ಎಂಬ ನಾಲ್ಕೇ ಬಣ್ಣಗಳ ಗುಂಪು ಪ್ರಸಿದ್ಧವಾಗಿದೆ. ಬಿಳಿ ಬೆರೆತ ಕಪ್ಪು, ಕೆಂಪು-ಹಳದಿಗಳ ಪಕ್ಕದಲ್ಲಿ ನೀಲಿಯಂತೆಯೇ ಕಾಣುವುದರಿಂದ ಮುಖಕ್ಕೆ ಬೇರೆ ನೀಲಿ ಬೇಕೆನಿಸುವುದಿಲ್ಲ. ಅಜ್ಜಿಯದು ಎಣ್ಣೆಗಪ್ಪು ಮೈಬಣ್ಣವಾದರೆ ಬಿಳಿಯನ್ನು ಮಿತವಾಗಿ ಬಳಸಿರಿ, ಹೆಚ್ಚಾದರೆ ಚರ್ಮ ಬೂದಿ ಬಳಿದಂತಾಗುತ್ತದೆ. ಕಣ್ಣನ್ನು ಅರೆಮುಚ್ಚಿ ನೆರಳು-ಬೆಳಕಿನ ಹರವನ್ನು ಗುರುತಿಸಿಕೊಂಡು, ಬಣ್ಣವನ್ನು ಪ್ಯಾಲೆಟ್ ಹಲಗೆಯಲ್ಲೇ ಬೆರೆಸಿ, ಅಗಲವಾದ ಚಪ್ಪಟೆ ಕುಂಚದಿಂದ ಕೆನ್ನೆಗೆ ಒಂದೇ ಬೀಸು ಹಾಕಿ ಕೈ ತೆಗೆದುಬಿಡಿ. ನೋಡಲು ಇದು ಉಡಾಫೆಯಂತಿದ್ದರೂ, ಬೀಸಿಗಿಂತ ಅದರ ಹಿಂದಿನ ಯೋಚನೆಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ತಪ್ಪಿದ ಬೀಸನ್ನು ತಿದ್ದಬೇಡಿ; ಚಾಕುವಿನಿಂದ ಕೆರೆದು ಹೊಸದಾಗಿ ಹಾಕಿರಿ.