ರಿಮೇಕ್ ಮೂಲಕ್ಕೆ ಸರಿಸಾಟಿಯೇ?

ಪ್ರಶ್ನೆ: ರಿಮೇಕ್ ಸಿನಿಮಾ, ಧಾರಾವಾಹಿಗಳು ಮೂಲದಷ್ಟು ಹಿಡಿಸುವುದೇ ಇಲ್ಲ ಎನ್ನುತ್ತಾರೆ. ನಿಜವೇ?
– ಓದುಗರು, ಸಿರುಗುಪ್ಪ

ಉತ್ತರ: ಎಲ್ಲಕ್ಕೂ ಆ ಮಾತು ಸಲ್ಲದು. 1993ರ ಮಲಯಾಳಂ ‘ಮಣಿಚಿತ್ರತಾಳ್’ 2004ರಲ್ಲಿ ‘ಆಪ್ತಮಿತ್ರ’ವಾಯಿತು. ಮೂಲದಲ್ಲಿ ನಾಯಕಿಯನ್ನು ಆವರಿಸುವ ನಾಗವಲ್ಲಿ ತಮಿಳು ನರ್ತಕಿ, ನಿರ್ದೇಶಕ ಪಿ. ವಾಸು ಅವಳನ್ನು ತೆಲುಗಿನವಳನ್ನಾಗಿ ಮಾಡಿದರು. ನಾಯಕಿಯಾದ ನಟಿ ಸೌಂದರ್ಯ ದನಿ ಬದಲಿಸಿ ತೆಲುಗಿನಲ್ಲಿ ಅಬ್ಬರಿಸಿದಾಗ ನಮ್ಮ ಬಳ್ಳಾರಿ ಸೀಮೆಯವರಿಗೆ ಯಾರೂ ಅರ್ಥ ಹೇಳಬೇಕಿಲ್ಲ, ಮೈ ಜುಮ್ಮೆನ್ನುತ್ತದೆ. ಬದಲಾವಣೆ ಅಂದರೆ ಅದು!

ಕೆಡುವುದು ಎಲ್ಲಿ? ನಾಯಕನಿಗೆಂದು ಹೊಡೆದಾಟ, ಹಾಡು ತುರುಕಿ, ಅದಕ್ಕೆ ಜಾಗ ಮಾಡಲು ಸಣ್ಣಪುಟ್ಟ ಸುಳಿವಿನ ದೃಶ್ಯಗಳಿಗೆ ಕತ್ತರಿ ಹಾಕಿದಾಗ. ಸುಳಿವಿಲ್ಲದೆ ಬಂದ ತಿರುವು ಎಷ್ಟು ಅಬ್ಬರಿಸಿದರೂ ನಾಟುವುದಿಲ್ಲ. ಧಾರಾವಾಹಿಯ ರೋಗ ಬೇರೆ: ಮೂಲದ ಕಥೆ ಮುಗಿದರೂ ಕಂತು ನಿಲ್ಲುವುದಿಲ್ಲ.

ರಹಸ್ಯದ ಕಥೆಯಾದರೆ ರಿಮೇಕನ್ನೇ ಮೊದಲು ನೋಡಿ. ತಿರುವು ಗೊತ್ತಿದ್ದು ನೋಡಿದರೆ ಅದಕ್ಕೆ ಅನ್ಯಾಯವಾಗುತ್ತದೆ.