'ಡ್ಯಾಂಪ್' ಬರಹ ಸದ್ಯಕ್ಕೆ ವಾಪಸ್

ನಮಸ್ಕಾರ. 'ಡ್ಯಾಂಪ್' ಅನ್ನುವ ಇಂಗ್ಲಿಷ್ ಪದದ ಅರ್ಥ, ಬಳಕೆ ಬಗ್ಗೆ ನೀವು ಕಳಿಸಿದ್ದನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

'ಡ್ಯಾಂಪ್ ಎಂದರೆ ತೇವ, ಒದ್ದೆ, ಹಸಿ, ಆರ್ದ್ರ' ಅಂತ ಶುರು ಮಾಡಿದ್ದೀರಿ. ನಾಲ್ಕು ಪದ ಸುರಿದರೆ ಅರ್ಥ ಹೇಳಿದಂತಾಯಿತಾ? ಬಟ್ಟೆ ಹಿಂಡಿದರೆ ನೀರು ಬಂತು ಅನ್ನಿ, ಅದು ವೆಟ್. ಅದೇ ಬಟ್ಟೆ ಒಣಗಿತು ಅಂದುಕೊಂಡು ಮಡಚುವಾಗ ಹೊಲಿಗೆಯ ಹತ್ತಿರ ಬೆರಳಿಗೆ ತಣ್ಣಗೆ ತಾಕುತ್ತದಲ್ಲ, ಅದು ಡ್ಯಾಂಪ್. ಹಸಿ ಅನ್ನುವುದನ್ನಂತೂ ಸುಮ್ನೆ ಸೇರಿಸಿದ್ದೀರಿ. ಬೇಯಿಸದ ತರಕಾರಿಯೂ ಹಸಿ, ಮಾಯದ ಗಾಯವೂ ಹಸಿ.

'ಮಾಯಿಸ್ಟ್ ಕೂಡ ಇದೇ' ಅಂತ ಒಂದೇ ಮಾತಲ್ಲಿ ಮುಗಿಸಿದ್ದೀರಿ. ಕೇಕ್ ಮಾಯಿಸ್ಟ್ ಆಗಿದೆ ಅಂದರೆ ಹೊಗಳಿಕೆ, ಡ್ಯಾಂಪ್ ಅಂದರೆ ಮಾಡಿದವರು ಮುನಿಸಿಕೊಳ್ಳುತ್ತಾರೆ. ಗೋಡೆಗೆ ಮಾತ್ರ ಡ್ಯಾಂಪೇ ಸರಿ, ಯಾಕೆಂದರೆ ಅದರಲ್ಲಿ ಬೇಡದ ತೇವ, ಮುಗ್ಗಲು ವಾಸನೆ ಎಲ್ಲಾ ಸೇರಿದೆ. ಹ್ಯೂಮಿಡ್ ಗಾಳಿಗೆ, ಹವೆಗೆ ಹೇಳುವ ಮಾತು. ನೀವು ಬರೆದಿರುವ 'ಹ್ಯೂಮಿಡ್ ಟವೆಲ್' ಹೊಡೆದುಹಾಕಿ.

ನನಗೆ ಜಾಸ್ತಿ ಬೇಸರವಾಗಿದ್ದು ಕೊನೆಯ ಪ್ಯಾರಾ. 'ಇದು ಹಳೆಯ ಪದ' ಅಂತಷ್ಟೇ ಬರೆದು ಕೈ ತೊಳೆದುಕೊಂಡಿದ್ದೀರಿ. ಅಸಲಿ ಕಥೆ ಇರುವುದೇ ಅಲ್ಲಿ! ಈ ಪದ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ಒದ್ದೆ ಅಲ್ಲ, ವಿಷಗಾಳಿ. ಜರ್ಮನ್ನಿನ 'ಡಾಂಪ್ಫ್', ಅಂದರೆ ಹಬೆ, ಇದರ ನೆಂಟ. ಕಲ್ಲಿದ್ದಲು ಗಣಿಯಲ್ಲಿ ಹೊತ್ತಿಕೊಳ್ಳುವ ಮೀಥೇನ್ ಗಾಳಿಗೆ ಫೈರ್‌ಡ್ಯಾಂಪ್ ಅನ್ನುತ್ತಾರೆ, ಉಸಿರು ಕಟ್ಟಿಸುವ ಗಾಳಿಗೆ ಬ್ಲ್ಯಾಕ್‌ಡ್ಯಾಂಪ್. 1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಗಣಿ ಕೆಲಸಗಾರರ ದೀಪದ ಸುತ್ತ ತಂತಿಯ ಜಾಲರಿ ಕಟ್ಟಿದ್ದು ಈ ಫೈರ್‌ಡ್ಯಾಂಪ್‌ಗೆ ಬೆಂಕಿ ತಗುಲದಿರಲಿ ಅಂತಲೇ.

ಉಸಿರು ಕಟ್ಟಿಸುವುದು ಅನ್ನುವ ಆ ಅರ್ಥದಿಂದಲೇ ಬೆಂಕಿ ತಗ್ಗಿಸುವುದು, ಸದ್ದು ತಗ್ಗಿಸುವುದು ಎಲ್ಲಾ ಬಂತು. ಪಿಯಾನೋದಲ್ಲಿ ತಂತಿಯ ನಾದ ನಿಲ್ಲಿಸುವ ಭಾಗಕ್ಕೆ ಡ್ಯಾಂಪರ್ ಅನ್ನುತ್ತಾರೆ, ಅಲ್ಲಿ ಹನಿ ನೀರೂ ಇಲ್ಲ. ಇದು ಗೊತ್ತಿದ್ದಿದ್ದರೆ 'ಡ್ಯಾಂಪನ್ ದ ಸ್ಪಿರಿಟ್ಸ್' ಅನ್ನುವುದನ್ನು 'ಉತ್ಸಾಹವನ್ನು ಒದ್ದೆ ಮಾಡು' ಅಂತ ನೀವು ಬರೆಯುತ್ತಿರಲಿಲ್ಲ (ನಕ್ಕೆ, ಕ್ಷಮಿಸಿ). ಕನ್ನಡದಲ್ಲಿ ಉತ್ಸಾಹಕ್ಕೆ ತಣ್ಣೀರೆರಚುವುದು ಅನ್ನುತ್ತೇವೆ, ಅಲ್ವಾ?

ಗಣಿಯಿಂದ ಶುರು ಮಾಡಿ, ಗೋಡೆಗೆ ಬನ್ನಿ. ಆ ನಾಲ್ಕು ಪದದ ಪಟ್ಟಿ ಕಿತ್ತುಹಾಕಿ. ಟವೆಲ್ ಇಲ್ಲದೆ ಬಂದರೆ ಮತ್ತೆ ಓದುತ್ತೇನೆ.